ಮಿಕ್ಕ ಬ್ರೆಡ್ಡು

"ಕಸ್ಟಮರ್ ಕದ್ದಿದ್ರೆ ಸಣ್ಣ ಕೇಸು. ನೀವು ಅಲ್ಲೇ ಕೆಲಸಕ್ಕಿದ್ದವರು ಆಂಟಿ, ಅದಕ್ಕೇ ಫೆಲನಿ, ದೊಡ್ಡ ಅಪರಾಧ," ಎಂದಳು ಲಾಯರ್ ಶ್ರದ್ಧಾ, ಷಾರ್ಲಟ್ ಕೋರ್ಟಿನ ಬೆಂಚಿನ ಮೇಲೆ ಕೂತು. "ನಾರ್ತ್ ಕ್ಯಾರೊಲಿನಾದಲ್ಲಿ ತಗೊಂಡ ವಸ್ತುವಿನ ಬೆಲೆ ಎಷ್ಟು ಅನ್ನೋದು ಲೆಕ್ಕಕ್ಕೇ ಬರಲ್ಲ."

"ಕಸಕ್ಕೆ ಹಾಕೋಕೆ ಇಟ್ಟಿದ್ದ ಬ್ರೆಡ್ಡಮ್ಮಾ ಅದು! ತಿನ್ನೋ ಅನ್ನ ಎಸೆಯೋಕೆ ಕೈ ಬರುತ್ತಾ?" ಎಂದರು ಅಲಮೇಲು. ಬೇಕರಿ ಕೌಂಟರಿನಲ್ಲಿ ಮಿಕ್ಕಿದ್ದನ್ನು ಮನೆಗೆ ಒಯ್ದಿದ್ದಕ್ಕೆ ಇಷ್ಟೆಲ್ಲ.

"ಎಸೆಯೋವರೆಗೂ ಅದು ಅಂಗಡೀದೇ, ಆಂಟಿ."

"ಇವಳ ಗ್ರೀನ್ ಕಾರ್ಡು?" ಎಂದರು ಗಂಡ ಶೇಷಾದ್ರಿ.

"ಕಷ್ಟ, ಅಂಕಲ್."

ಶೇಷಾದ್ರಿ ಮೊಸರನ್ನದ ಡಬ್ಬಿಯನ್ನು ಅರ್ಧಕ್ಕೇ ಬಿಟ್ಟು ಹೆಂಡತಿಯ ಕೈಗೆ ಕೊಟ್ಟರು. ಅವರು ಬಿಟ್ಟಿದ್ದನ್ನು ತಾವು ಉಂಡು ಮುಗಿಸುವುದು ಮದುವೆಯಾದಾಗಿನಿಂದ ಅಲಮೇಲು ಅವರ ರೂಢಿ. ಇವತ್ತು ಎದ್ದು ಹೋಗಿ, ಡಬ್ಬಿಯನ್ನು ಕಸದ ತೊಟ್ಟಿಯೊಳಗೆ ಬೋರಲು ಹಾಕಿ, ಒಂದಗುಳೂ ಉಳಿಯದ ಹಾಗೆ ಅದರ ತಳಕ್ಕೆ ಬಡಿದರು.