ಗೋಡೆಯ ಮೇಲಿನ ಕಣಿವೆ

ಬಿಸಿ ಬಲ್ಬಿನ ಮೇಲೆ ಧೂಳು ಸುಟ್ಟ ವಾಸನೆ ಬಂದರೆ ಈಗಲೂ ಪರದೇಶದ ಕ್ಯಾಂಪ್‌ಬೆಲ್ ಊರಿನ ನಮ್ಮ ಅಪಾರ್ಟ್‌ಮೆಂಟಿನ ಆ ಮಧ್ಯಾಹ್ನ ನೆನಪಾಗುತ್ತದೆ. ನನಗಾಗ ಒಂಬತ್ತು ವರ್ಷ. ಆಫೀಸಿನವರ ಜೊತೆ ಆಫ್ರಿಕಾದ ಸಫಾರಿಗೆ ಹೋಗಿ ಬಂದಿದ್ದ ಅಪ್ಪ, ಕಿಟಕಿಗಳ ಪರದೆ ಎಳೆದು, ಮನೆಗೆ ಬಂದವರಿಗೆ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಸ್ಲೈಡು ತೋರಿಸುತ್ತಿದ್ದರು. ಆನೆ, ಜಿರಾಫೆಗಳಾದ ಮೇಲೆ ಒಂದು ದೊಡ್ಡ ಕಣಿವೆ ಬಂತು.

"ಇದು ಹೇಗಾಯ್ತು?" ಎಂದು ಯಾರೋ ಕೇಳಿದರು. ಅಪ್ಪನಿಗೆ ಗೊತ್ತಿರಲಿಲ್ಲ. ಮೈಸೂರಿನಲ್ಲಿ ಭೂವಿಜ್ಞಾನ ಓದಿದ್ದ ಅಮ್ಮ ಅಡುಗೆಮನೆಯಿಂದ ಬಂದು ಗೋಡೆಯ ಮೇಲೆ ಬೆರಳಿಟ್ಟಳು. "ಇಲ್ಲಿ ಭೂಮಿನೇ ಸೀಳಿಹೋಗ್ತಾ ಇದೆ. ಈ ಪದರ ನೋಡಿ..." ಕಣಿವೆ ಅವಳ ಸೀರೆಯ ಮೇಲೂ ಹರಡಿತ್ತು.

"ಪಾಠ ಸಾಕು ಕಣೇ, ಕಾಫಿ ತಗೊಂಡ್ ಬಾ. ಮುಂದೆ ಸಿಂಹ ಇದೆ," ಎಂದರು ಅಪ್ಪ. ಎಲ್ಲರೂ ನಕ್ಕರು. ಅಮ್ಮ ಕದಲದೆ ನನ್ನತ್ತ ನೋಡಿದಳು.

"ಮಾಮ್, ಮೂವ್. ಕಾಣ್ತಿಲ್ಲ," ಎಂದೆ ನಾನು.

ಅವಳು ಬೆರಳು ತೆಗೆದು ಒಳಗೆ ಹೋದಳು.