ರೊಟ್ಟಿಯ ಹಂಚಿಗೆ ಅಂಟಿದ ಒಂಬತ್ತು

ನಾನೀಗ ಇರುವ ಐರೋಲಿಯಲ್ಲಿ ಇಸ್ತ್ರಿ ಅಂಗಡಿಯಿಂದ ನೈಲಾನ್ ಸುಟ್ಟ ವಾಸನೆ ಬಂದರೆ ಈಗಲೂ ನಾನು ಬೇಗ ದಾಟಿಬಿಡುತ್ತೇನೆ.

ವರ್ಷಗಳ ಹಿಂದೆ, ವಿಠ್ಠಲವಾಡಿಯ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ, ಒಂದು ಮಧ್ಯಾಹ್ನ ಅಣ್ಣ, ಫುಟ್‌ಬಾಲ್ ಆಟದಲ್ಲಿ ಬಿದ್ದು ಊದಿದ್ದ ಮೊಣಕಾಲು ಚಾಚಿಕೊಂಡು ಮೊಬೈಲ್ ನೋಡುತ್ತಿದ್ದ. ಅದರಲ್ಲಿ ಅವನ ದೇವರು, ಕೊಲಂಬಿಯಾದ ಸ್ಟ್ರೈಕರ್, ಗೋಲು ಹೊಡೆದು ಓಡುತ್ತಿದ್ದ.

"ನನ್ನಂಗ ಇವಂದೂ ಮೊಣಕಾಲಾಗ ನರ ಹರಿದಿತ್ತಪ್ಪಾ," ಎಂದ ಅಣ್ಣ. " ಆಪರೇಷನ್ ಮಾಡಿಸ್ಕೊಂಡು ಮತ್ತ ಆಡ್ಲಿಕತ್ತಾನ."

ಭಿವಂಡಿಯ ಗೋದಾಮಿಗೆ ಮೂಟೆ ಹೊರಲು ಹೊರಟಿದ್ದ ಅಪ್ಪ ಬಾಗಿಲಲ್ಲೇ ನಿಂತ. "ಅಂವ ಚೆಂಡು ಒದೀತಾನ. ಕೊಯ್ಸಿಕೊಂಡ ಕಾಲು ಮೂಟಿ ತಡಿಯಂಗಿಲ್ಲ," ಎಂದು ಹೊರಟುಹೋದ.

ಅವ್ವ ರೊಟ್ಟಿಯ ಹಂಚಿನಲ್ಲಿ ಉಪ್ಪು ಹುರಿದಳು. ನಮ್ಮೂರಲ್ಲಿ ಎಲ್ಲ ನೋವಿಗೂ ಬಿಸಿ ಉಪ್ಪಿನ ಗಂಟಿನ ಶಾಖವೇ ಮದ್ದು. ಕಟ್ಟಲು ಅರಿವೆ ಹುಡುಕುತ್ತಿದ್ದವಳಿಗೆ ಅಣ್ಣ ತಲೆಯ ಮೇಲಿನ ಮೊಳೆಯಿಂದ ಒಂಬತ್ತನೇ ನಂಬರಿನ ಹಳದಿ ಜೆರ್ಸಿ ಎಳೆದು ಕೊಟ್ಟ.

"ಇದು ನಿನ್ನ ಆಟದ ಅಂಗಿ ಅಲ್ಲೇನೋ?"

"ಇನ್ನೆಲ್ಲಿ ಆಟ, ತಗೋ."

ಅದು ಹತ್ತಿಯ ಬಟ್ಟೆಯಲ್ಲವೆಂದು ಅವ್ವನಿಗೆ ಹೊಳೆಯಲಿಲ್ಲ. ಗಂಟು ಕಟ್ಟಿ ಹಂಚಿಗೆ ಒತ್ತಿದ್ದೇ ತಡ, ಒಂಬತ್ತು ಕರಗಿ ಅಂಟಿಕೊಂಡಿತು. ಎಷ್ಟು ಕೆರೆದರೂ ಬಿಡಲಿಲ್ಲ.

ಸಂಜೆ ರೊಟ್ಟಿಗೆಲ್ಲ ಅದೇ ವಾಸನೆ. ನಾನು ತಟ್ಟೆ ದೂಡಿದೆ. ಅಣ್ಣ ಪೂರ್ತಿ ತಿಂದು ಕೈ ತೊಳೆದ.

"ಬಾವು ಇಳಿದ ಕೂಡ್ಲೆ ಗೋದಾಮಿಗೆ ಬರ್ತೀನಂತ ಅಪ್ಪಗ ಹೇಳವ್ವ," ಎಂದ.