ಮೈಮೇಲಿನ ಗೆರೆಗಳು

"ಹಾಗೇ ಬಂದು ಕೂತ್ಕೊಳ್ಳಿ ಅಕ್ಕಾ, ನಿಲುವಂಗಿ ಬೇಡ," ಎಂದಳು ಚಿತ್ರಗಾರ್ತಿ.

ತೆರೆಯ ಹಿಂದೆ ಆಗಷ್ಟೇ ಬಟ್ಟೆ ಕಳಚಿದ್ದ ಮಾಡೆಲ್‌ಗೆ ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ಕುಂಚ ಹಿಡಿದ ಈ ಹುಡುಗಿಗೆ ಕೆಲಸದ ರೀತಿನೀತಿಯೇ ಗೊತ್ತಿಲ್ಲ! ಬಟ್ಟೆ ಕಳಚಿದ ಮೇಲೆ ಸಡಿಲವಾದ ನಿಲುವಂಗಿ ಹೊದ್ದು ಅರ್ಧ ಗಂಟೆಯಾದರೂ ಕಾಯಬೇಕು. ಸೊಂಟದ ಎಲಾಸ್ಟಿಕ್ಕು, ಬೆನ್ನಿನ ಪಟ್ಟಿ, ಕಾಲುಚೀಲ ಒತ್ತಿದ ಕೆಂಪು ಗೆರೆಗಳೆಲ್ಲ ಮಾಯವಾಗಬೇಕು. ಚಿತ್ರದ ಹೆಂಗಸು ಹುಟ್ಟಿದಾಗಿನಿಂದ ಬಟ್ಟೆಯನ್ನೇ ಕಾಣದವಳಂತಿರಬೇಕು ಎಂದು ಹಳೆಯ ಮೇಷ್ಟ್ರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಹರೆಯದಿಂದ ಈ ನರೆಗೂದಲಿನವರೆಗೆ ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು.

"ಮೈಮೇಲೆಲ್ಲ ಗುರುತು ಬಿದ್ದಿದೆ ಕಣಮ್ಮ. ಅವೆಲ್ಲ ಅಳಿಸಿ ಹೋಗ್ಲಿ, ತಾಳು."

"ನನಗೆ ಬೇಕಾಗಿರೋದೇ ಅದು. ಹಳೇ ಚಿತ್ರಗಳಲ್ಲಿ ಹೆಂಗಸರೆಲ್ಲ ಮೋಡದಿಂದ ಇಳಿದು ಬಂದ ಹಾಗಿದಾರೆ. ನೀವು ಬಸ್ಸಿಳಿದು ಬಂದಿದೀರಿ."

"ನೋಡಿದೋರು, ಇವಳು ಈಗ ತಾನೇ ಬಟ್ಟೆ ಬಿಚ್ಚಿ ಕೂತಿದಾಳೆ ಅಂತಾರೆ!"

"ಮತ್ತೆ, ಬಿಚ್ಚಿಲ್ವಾ?"

ಸಿಟ್ಟಿನ ನಡುವೆಯೂ ಅವಳಿಗೆ ನಗು ಬಂದುಬಿಟ್ಟಿತು. ಬಂದು ಕೂತಳು. ಕೂತ ಕೂಡಲೇ ಕತ್ತು ತಾನಾಗಿ ಆಚೆ ತಿರುಗಿತು, ಹೊಟ್ಟೆ ಒಳಗೆ ಹೋಯಿತು. "ಉಸಿರು ಬಿಡಿ ಅಕ್ಕಾ. ನನ್ನನ್ನೇ ನೋಡಿ," ಎಂದಳು ಹುಡುಗಿ. ಅದೊಂದು ಹೊಸ ತಾಪತ್ರಯ. ಅದರ ಮೇಲೆ, ಮುಖ ಬರೆದು ಸೊಂಟಕ್ಕೆ ಬರುವಷ್ಟರಲ್ಲಿ ಗೆರೆಗಳೇ ಅಳಿಸಿಹೋಗಿದ್ದವು. ಮತ್ತೆ ಎಲ್ಲವನ್ನೂ ತೊಟ್ಟು, ಚಹಾ ಕುಡಿದು, ಗೆರೆ ಮೂಡಿಸಿಕೊಂಡು ಬರಬೇಕಾಯಿತು. ಗೆರೆ ಹೋಗಲೆಂದು ಇಷ್ಟು ಕಾಲ ಕಾದವಳು ಈಗ ಗೆರೆ ಬರಲೆಂದು ಕಾಯುತ್ತ, ಆ ಹುಡುಗಿಯ ಜೊತೆ ಮೊಮ್ಮಗಳ ಹಟ, ಮಂಡಿನೋವು ಎಂದು ಏನೇನೋ ಹರಟಿದಳು.

ವಾರಾಂತ್ಯಕ್ಕೆ ಚಿತ್ರ ಮುಗಿಯಿತು. ನೋಡಲು ಎದುರಿಗೆ ಹೋಗಿ ನಿಂತಳು.

ಊರಿನ ಚಿತ್ರಶಾಲೆಯ ದೊಡ್ಡ ಹಜಾರದಲ್ಲಿ ತನ್ನವೇ ಹಳೆಯ ಚಿತ್ರಗಳ ಮುಂದೆ ಎಷ್ಟು ಸಲ ನಿಂತಿದ್ದಳೋ! ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಒಮ್ಮೆ ಮೈದುನನೇ, ಚಿತ್ರದಲ್ಲಿರುವುದು ಅವಳೆಂದು ಗುರುತು ಸಿಗದೆ, ಪಕ್ಕದಲ್ಲಿ ನಿಂತು, "ಎಂಥ ಕೈಚಳಕ ಅಲ್ವಾ ಅತ್ತಿಗೆ!" ಎಂದಾಗ, ಹೌದೆಂದು ಗಂಭೀರವಾಗಿ ತಲೆಯಾಡಿಸಿದ್ದಳು. ಇಲ್ಲಿ ಮಾತ್ರ ಸೊಂಟದ ಸುತ್ತ ಕೆಂಪು ಗೆರೆ, ಭುಜದಲ್ಲಿ ಪಟ್ಟಿಯ ಗುಳಿ, ಸಡಿಲ ಬಿಟ್ಟ ಹೊಟ್ಟೆ, ನೆಟ್ಟ ನೋಟ. ಅವಳ ಕೈ ತಂತಾನೇ ಅಲ್ಲಿದ್ದ ಬಟ್ಟೆ ಎಳೆದು ಚಿತ್ರದ ಮೇಲೆ ಹೊದಿಸಿತು. ಇಷ್ಟು ವರ್ಷ ಇಲ್ಲದ ನಾಚಿಕೆ ಈಗ ಮುಖಕ್ಕೇರಿತ್ತು.

ಚಿತ್ರಗಾರ್ತಿಯ ಮುಖ ಬಾಡಿತು. "ಬೇಡ ಅಂದ್ರೆ ಪ್ರದರ್ಶನಕ್ಕೆ ಕಳಿಸಲ್ಲ ಅಕ್ಕಾ. ಈಗ್ಲೇ ಬಿಳಿ ಬಳಿದುಬಿಡ್ತೀನಿ."

ಅವಳು ಬಟ್ಟೆಯ ಅಂಚೆತ್ತಿ ಇನ್ನೊಮ್ಮೆ ನೋಡಿದಳು. ಚಿತ್ರದೊಳಗಿನ ಹೆಂಗಸೂ ಅವಳನ್ನೇ ನೋಡಿದಳು. ಸಂಕಟವೋ ಸಂತೋಷವೋ ತಿಳಿಯಲಿಲ್ಲ, ಕಣ್ಣು ಮಾತ್ರ ತುಂಬಿತು.

"ಬಳೀಬೇಡ, ಇರ್ಲಿ. ಆದ್ರೆ ಆ ದೊಡ್ಡ ಹಜಾರದಲ್ಲಿ ಹಾಕ್ಬೇಡ," ಎಂದಳು. "ಬಾಗಿಲಿರೋ ಕೋಣೇಲಿ ಹಾಕು. ನೋಡೋಕೆ ಬರೋರು ಬಾಗಿಲು ತಟ್ಟಿ ಒಳಗೆ ಬರ್ಲಿ."